ಮಾದಪ್ಪನ ಎಡೆಗೆ ಕಡಲೆಕಾಯಿ ಮೊಸರು

ಊಟಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಾನು ಮೆಸ್ ಪ್ರಿಫೆಕ್ಟ್ ಆಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದ ಅನಾಹುತಕ್ಕೆಲ್ಲ ಮೂಲ ಅದೇ. ಉದ್ದನೆಯ ಮೇಜಿನ ತುದಿಯಲ್ಲಿ ನಿಂತು ನಾನು ಒಂದು ಹುಬ್ಬು ಏರಿಸಿದರೆ ಸಾಕು, ಎಂಥ ಹಟಮಾರಿ ಹುಡುಗಿಯೂ ಗಂಟುಗಂಟಾದ ಓಟ್ಸ್ ಗಂಜಿಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ, ಕಟ್ಟಕಡೆಗೆ, ಉಳಿದದ್ದನ್ನು ಪ್ರಿಫೆಕ್ಟ್ ತಿನ್ನಬೇಕು. ಅದು ಅಲ್ಲಿನ ರೂಲ್. ಬ್ಯಾಡ್ಜ್ ಈಗಲೂ ನನ್ನ ಟ್ರಂಕಿನಲ್ಲಿದೆ. ಮದುವೆಯಾಗಿ ದೊಡ್ಡಗಾಜನೂರಿಗೆ ಬಂದು ಐವತ್ತು ವರ್ಷ ದಾಟಿತು. ಆದರೂ ನಮ್ಮ ಅಂಗಳದಲ್ಲಿ ಎಲೆಕೋಸಿನ ಲೋಡು ಕಟ್ಟುವಾಗ ಆ ವಾಸನೆಗೆ ನನಗೆ ಡೈನಿಂಗ್ ಹಾಲ್ ನೆನಪಾಗುತ್ತದೆ, ಕಿಟಕಿಗೆ ಮೆತ್ತಿಕೊಂಡ ಮಂಜು ನೆನಪಾಗುತ್ತದೆ, ಸುಮ್ಮನೆ ಒಂದು ನಿಟ್ಟುಸಿರು ಬರುತ್ತದೆ. ಊರಿನವರು ಎದುರಿಗೆ ನನ್ನನ್ನು ‘ಅಮ್ಮೋರೆ’ ಎನ್ನುತ್ತಾರೆ. ಬೆನ್ನ ಹಿಂದೆ ‘ಕಾನ್ವೆಂಟಮ್ಮ’.

ಇಂಥ ಅನುಭವಸ್ಥೆಗೆ ಒಂಬತ್ತು ವರ್ಷದ ಒಂದು ಕೂಸಿಗೆ ಊಟ ಮಾಡಿಸುವುದು ಯಾವ ಲೆಕ್ಕ?

ಕೂಸು ಎಂದರೆ ನನ್ನ ದೊಡ್ಡ ಮೊಮ್ಮಗಳು ಸಂಜು. ಅವಳ ತಂಗಿ ಮಿನ್ನಿಗೆ ಐದು. ಅವರ ತಾಯಿ, ಅಂದರೆ ನನ್ನ ಸೊಸೆ ಸುಮಾ, ಗೆಟ್ಟವಾಡಿಯ ಮಗಳು. ಮಾತು ಕಡಿಮೆ, ಆಡಿದರೆ ತೀರ್ಪು. ನಮ್ಮದು ಶಿವಪೂಜೆಯ ಮನೆ. ಮಾಂಸ ಮೊಟ್ಟೆ ಹೊಸಿಲು ದಾಟಿದ್ದಿಲ್ಲ. ಆದರೆ ಹಾಲು, ಮೊಸರು, ಬೆಣ್ಣೆ, ತುಪ್ಪ ಇಲ್ಲದ ಹೊತ್ತೂ ಇದ್ದಿಲ್ಲ. ನಮ್ಮ ಯಜಮಾನರನ್ನು ಒಗೆದ ಪಂಚೆಯ ಹಾಗೆ ಹಿಂಡಿದರೆ ಎರಡು ಚೊಂಬು ಮಜ್ಜಿಗೆ ಸಿಕ್ಕೀತು.

ನಮ್ಮ ಹಸುವಿಗೆ ಲಿಲ್ಲಿ ಎಂದು ಹೆಸರಿಟ್ಟವಳು ನಾನೇ. ಯಜಮಾನರು ಅದನ್ನು ಬೆಳ್ಳಿ ಎನ್ನುತ್ತಾರೆ. ಅದು ಎರಡಕ್ಕೂ ಓಗೊಡುವುದಿಲ್ಲ, ಸುಮಾ ಕೆಮ್ಮಿದರೆ ಮಾತ್ರ ಎದ್ದು ನಿಲ್ಲುತ್ತದೆ. ಈ ಲಿಲ್ಲಿ ಹೆಣ್ಣುಕರು ಹಾಕಿತು. ಅದಕ್ಕೆ ರೋಸಿ ಎಂದು ನಾಮಕರಣ ಮಾಡಿದೆ. ಒಂದು ಬೆಳಿಗ್ಗೆ ಸುಮಾ ಹಾಲು ಕರೆಯುತ್ತಿದ್ದಳು. ಕರುವನ್ನು ಒಂದು ಗಳಿಗೆ ಕೆಚ್ಚಲಿಗೆ ಬಿಟ್ಟು, ಹಾಲು ಇಳಿಯುತ್ತಲೇ ಎಳೆದು ಗೂಟಕ್ಕೆ ಕಟ್ಟಿದಳು. ರೋಸಿ ಹಗ್ಗ ಜಗ್ಗಿ ಜಗ್ಗಿ, ನಾಲಿಗೆ ಹೊರಗೆ ಹಾಕಿ, ಚೊಂಬನ್ನೇ ನೋಡುತ್ತಿತ್ತು. ಅದನ್ನು ಸಂಜು ನೋಡುತ್ತಿದ್ದಳು.

"ಅವ್ವ, ಅದು ರೋಸಿ ಆಲಲ್ವ?" ಎಂದಳು.

"ಅದ್ಕೂ ಬುಡ್ತೀನಿ ಕಣಮ್ಮಿ. ಎಲ್ಲ ಕುಡುದ್ರ ಬೇದಿ ಆಯ್ತದ."

"ನಂಗ ಬೇಡ. ಇನ್ನ್ಮೇಲೆ ನಂಗ ಆಲೂ ಬೇಡ, ಮೊಸ್ರೂ ಬೇಡ. ತುಪ್ಪನೂ ಬೇಡ."

ಮಕ್ಕಳ ಮಾತು, ಸಂಜೆಗೆ ಮರೆತುಹೋಗುತ್ತದೆ ಎಂದುಕೊಂಡೆವು. ಮರೆಯಲಿಲ್ಲ. ಸಂಜು ಮೊದಲೇ ಕಡ್ಡಿ. ಮೊಸರನ್ನವೇ ಅವಳ ಜೀವ. ಅದೂ ಹೋದ ಮೇಲೆ ಅನ್ನಕ್ಕೆ ಉಪ್ಪಿನಕಾಯಿ ಸವರಿಕೊಂಡು ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದಳು. ವಾರದಲ್ಲಿ ಅವಳ ಸ್ಕೂಲ್ ಲಂಗ ಸೊಂಟದಿಂದ ಜಾರತೊಡಗಿತು. ಸುಮಾ ಹಾಲಿನ ಲೋಟ ಹಿಡಿದು ನಿಂತಳು. ಇನ್ನೊಂದು ಕೈಯಲ್ಲಿ ಬಾರುಕೋಲು ಇತ್ತು.

"ಹೊಡೆಯಬೇಡ ಸುಮಾ," ಎಂದೆ. "ಅವಳು ಹೇಳುತ್ತಿರುವುದು ಪ್ರಿನ್ಸಿಪಲ್ ವಿಷಯ, ಅಂದರೆ ತತ್ವ. ಪಟ್ಟಣಗಳಲ್ಲಿ ಇದಕ್ಕೆ ವೀಗನ್ ಅನ್ನುತ್ತಾರೆ. ಇಡೀ ಮನೆಯೇ ಜೊತೆಗೆ ಬದಲಾದರೆ ಮಗುವಿಗೆ ಕಷ್ಟವಾಗದು. ಮಕ್ಕಳಿಗೆ ಹಿಡಿಸುವಂಥ ಅಡುಗೆ ನಾನು ಮಾಡುತ್ತೇನೆ. ಲೀವ್ ಇಟ್ ಟು ಮಿ."

"ಇಡೀ ಮನ ಅಂದ್ರ ನಾನೂವಾ?" ಎಂದರು ಯಜಮಾನರು, ಮಜ್ಜಿಗೆಯ ಲೋಟ ಹಿಡಿದು.

"ನೀವೇ ಮೊದಲು," ಎಂದೆ.

ಸುಮಾ ಬಾರುಕೋಲು ಕೆಳಗಿಟ್ಟಳು. ಮಗಳನ್ನು ಎತ್ತಿಕೊಂಡು ಹೋಗಿ ಎಲೆಕೋಸಿನ ಮೂಟೆ ತೂಗುವ ಮಿಷನ್ನಿನ ಮೇಲೆ ನಿಲ್ಲಿಸಿದಳು. ಇಪ್ಪತ್ತೊಂದು ಕೆ.ಜಿ. ಇನ್ನೂರು ಗ್ರಾಂ. ಗೋಡೆಯ ಮೇಲೆ ಇದ್ದಿಲಿನಿಂದ ಅದನ್ನು ಬರೆದಳು.

"ಅದ್ನೈದು ದಿನ ತಕಳಿ ಅತ್ತೆ. ಅದ್ನೈದ್ನೇ ದಿನ ತೂಕ ಆಕ್ತೀನಿ. ಇದ್ಕಿಂತ ಒಂದು ಗ್ರಾಂ ಇಳ್ದಿದ್ರೂ ಸೈ, ಕೆಳಕ್ಕ ಕೆಡವಿಕಂಡು ಮೂಗು ಇಡ್ದು ಆಲು ಉಯ್ತೀನಿ. ಆಗ ಯಾರೂ ಅಡ್ಡ ಬರಂಗಿಲ್ಲ."

ಸಂಜು ನನ್ನ ಸೆರಗು ಹಿಡಿದುಕೊಂಡಳು. "ಅಜ್ಜಿ, ನೀನು ಗೆಲ್ತೀಯ ಅಲ್ವ?"

"ವರ್ಡ್ ಆಫ್ ಆನರ್," ಎಂದೆ. ಕಾನ್ವೆಂಟಿನಲ್ಲಿ ಹಾಗೆ ಅಂದುಬಿಟ್ಟರೆ ಆಯಿತು, ಸಿಸ್ಟರ್ ಕೂಡ ಮತ್ತೆ ಪ್ರಶ್ನೆ ಕೇಳುತ್ತಿರಲಿಲ್ಲ.

ಆ ಮಧ್ಯಾಹ್ನವೇ ಡ್ರಾಯಿಂಗ್ ಶೀಟಿನ ಮೇಲೆ ಎರಡು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಮೆನು ಚಾರ್ಟ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಪೀನಟ್ ಮಿಲ್ಕ್. ಮಧ್ಯಾಹ್ನ ಸ್ಟಾರ್ ಮುದ್ದೆ. ಸಂಜೆ ಕೋಕನಟ್ ಡಿಲೈಟ್. ನೋಡಿದರೆ ಯಾರಿಗೇ ಆಗಲಿ ಬಾಯಲ್ಲಿ ನೀರೂರಬೇಕು. ನೋಡುವುದಕ್ಕೇನೋ ಚೆನ್ನಾಗಿಯೇ ಇತ್ತು.

ಪೀನಟ್ ಮಿಲ್ಕ್ ಎಂದರೆ ನೆನೆಸಿದ ಕಡಲೆಕಾಯಿ ಬೀಜವನ್ನು ರುಬ್ಬಿ, ಸೋಸಿ, ಕಾಯಿಸುವುದು. ಮೊಬೈಲಿನಲ್ಲಿ ಒಬ್ಬಾಕೆ ನಗುನಗುತ್ತಾ ಮಾಡಿ ತೋರಿಸಿದ್ದಳು. ನನ್ನದು ತಳ ಹಿಡಿಯಿತು. ಮಿನ್ನಿ ಲೋಟವನ್ನು ಮೂಗಿನ ಹತ್ತಿರ ತಂದು ದೂರ ಮಾಡಿದಳು.

"ಅಜ್ಜಿ, ಇದು ಕೋಸಿಗ ಒಡಿಯೋ ಔಸ್ತಿನಾ?"

ಯಜಮಾನರ ಕಾಫಿಗೂ ಅದನ್ನೇ ಬೆರೆಸಿದ್ದೆ. ಅವರು ಕುಡಿದರು. ಕುಡಿದು ಬಹಳ ಹೊತ್ತು ಬೆಟ್ಟದ ಕಡೆ ನೋಡುತ್ತ ಕುಳಿತರು.

"ಹೇಗಿದೆ?" ಎಂದೆ.

"ನಮ್ಮಪ್ಪ ಸತ್ತಾಗ ಇಂಗೇ ಆಗಿತ್ತು ನಂಗ," ಎಂದರು.

ಸ್ಟಾರ್ ಮುದ್ದೆಯ ಕಥೆ ಬೇರೆ. ಬಿಸಿ ರಾಗಿಮುದ್ದೆಯನ್ನು ತಟ್ಟೆಗೆ ಹರಡಿ, ಬಿಸ್ಕತ್ತು ಕೊರೆಯುವ ನಕ್ಷತ್ರದ ಅಚ್ಚಿನಿಂದ ಒತ್ತಿದೆ. ಮುದ್ದೆ ಅಚ್ಚಿನೊಳಗೆ ಹೋಯಿತು. ಹೋದದ್ದು ಬರಲಿಲ್ಲ. ಚಮಚ ಹಾಕಿ ಕಿತ್ತೆ, ಚಮಚವೂ ಅಲ್ಲೇ ನಿಂತಿತು. ಕೊನೆಗೆ ಸಂಜುವಿನ ತಟ್ಟೆಗೆ ಬಿದ್ದದ್ದು ಹಸು ತುಳಿದ ನಕ್ಷತ್ರ. ಕೂಸು ನನ್ನ ಮುಖ ನೋಡಿ, ಪಾಪ, ಅರ್ಧ ತಿಂದಿತು. ಉಳಿದರ್ಧ ಲಿಲ್ಲಿಗೆ ಹೋಯಿತು. ಆ ಹದಿನೈದು ದಿನಗಳಲ್ಲಿ ನಮ್ಮ ಮನೆಯಲ್ಲಿ ಮೈ ತುಂಬಿಕೊಂಡದ್ದು ಲಿಲ್ಲಿ ಒಬ್ಬಳೇ.

ಯಜಮಾನರು ದಿನಾ ಹನ್ನೊಂದು ಗಂಟೆಗೆ ‘ಒಲ ನೋಡ್ಕಂಡು ಬತ್ತೀನಿ’ ಎಂದು ಹೋಗುತ್ತಿದ್ದರು. ಹೊಲ ಇರುವುದು ಪೂರ್ವಕ್ಕೆ, ಅವರು ಹೋಗುತ್ತಿದ್ದುದು ಪಶ್ಚಿಮಕ್ಕೆ. ಪಶ್ಚಿಮಕ್ಕೆ ಇರುವುದು ನೆರೆಮನೆಯ ದೇವೀರಮ್ಮನ ಮಜ್ಜಿಗೆ ಗಡಿಗೆ. ಹಿಂದಿರುಗಿದಾಗ ಮೀಸೆಯ ಮೇಲೆ ಬಿಳಿ ಗೆರೆ.

"ಮಂಜು ಬಿದ್ದಿತ್ತು," ಎನ್ನುತ್ತಿದ್ದರು.

ಇಷ್ಟಾದರೂ ನಾನು ಕಂಗೆಡಲಿಲ್ಲ. ಸಂಜುವಿಗೆ ಬೇಕಾಗಿದ್ದುದು ಮೊಸರನ್ನ. ಹಸುವಿನದಲ್ಲದ ಮೊಸರು ಮಾಡಿದರೆ ಗೆದ್ದ ಹಾಗೆ. ಕಡಲೆಕಾಯಿ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಾಗುತ್ತದೆ ಎಂದು ಮೊಬೈಲಿನಾಕೆ ಹೇಳಿದ್ದಳು. ಮೊದಲನೆಯದು ನೀರಾಯಿತು. ಎರಡನೆಯದು ದಾರದಾರವಾಗಿ ಎದ್ದು ಬಂತು. ಅದನ್ನು ಲಿಲ್ಲಿ ಕೂಡ ಮೂಸಿ ಹಿಂದೆ ಸರಿಯಿತು. ಹೊಸ ಗಡಿಗೆಯಾದರೆ ಸರಿಹೋಗಬಹುದು ಎಂದು ತಾಳವಾಡಿ ಪೇಟೆಯಿಂದ ಒಂದು ಮಣ್ಣಿನ ಗಡಿಗೆ ತರಿಸಿದೆ. ಹದಿಮೂರನೆಯ ದಿನ, ಶನಿವಾರ ಸಂಜೆ, ಮೂರನೆಯ ಸಲ ಹೆಪ್ಪು ಹಾಕಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ಬೆಕ್ಕಿಗೆ ಎಟುಕದಿರಲಿ ಎಂದು ತೊಲೆಯಿಂದ ತೂಗುವ ಹಗ್ಗದ ನೆಲುವಿನಲ್ಲಿಟ್ಟೆ.

ನೆಲುವಿನಲ್ಲಿ ಆಗಲೇ ಒಂದು ಗಡಿಗೆ ಇತ್ತು. ಅದು ಮಾದಪ್ಪನ ಮೀಸಲು.

ನಮ್ಮ ಮನೆಯಲ್ಲಿ ಹಸು ಕರು ಹಾಕಿ ಗಿಣ್ಣಿನ ದಿನಗಳು ಕಳೆದ ಮೇಲೆ ಒಂದು ದಿನದ ಹಾಲನ್ನು ಪೂರ್ತಿಯಾಗಿ ಮಾದೇಶ್ವರನಿಗೆ ಮೀಸಲು ಎಂದು ತೆಗೆದಿಡುತ್ತೇವೆ. ಹೊಸ ಗಡಿಗೆಯಲ್ಲಿ ಹೆಪ್ಪು ಹಾಕಿ, ಬಿಳಿ ಬಟ್ಟೆ ಕಟ್ಟಿ, ಸೋಮವಾರ ಬೆಳಿಗ್ಗೆ ಮೊದಲು ದೇವರಿಗೆ ಎಡೆ ಇಟ್ಟು ಆಮೇಲೆ ಕಡೆದು ಬೆಣ್ಣೆ ತೆಗೆಯಬೇಕು. ಆ ಬೆಣ್ಣೆಯ ತುಪ್ಪ ಮಾದೇಶ್ವರನ ಬೆಟ್ಟಕ್ಕೆ, ಅಲ್ಲಿನ ದೀಪಕ್ಕೆ. ಅಲ್ಲಿಯವರೆಗೆ ಒಂದು ತೊಟ್ಟನ್ನೂ ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ. ಈ ಕೆಲಸವೆಲ್ಲ ಸುಮಾಳದು. ಮನೆಯವರು ವೀಗನ್ ಆದರೆ ಮಾದಪ್ಪನೂ ಆಗಬೇಕು ಎನ್ನುವಷ್ಟು ಧೈರ್ಯ ನನಗೆ ಇರಲಿಲ್ಲ. ನನ್ನ ಗಡಿಗೆಯನ್ನು ಮೀಸಲಿನ ಗಡಿಗೆಯ ಮೇಲೆ ಹುಷಾರಾಗಿ ಕೂರಿಸಿದೆ. ಕೆಳಗಿನದು ದೇವರದು, ಮೇಲಿನದು ನನ್ನದು. ಕ್ಲಿಯರ್.

ಭಾನುವಾರ ಮಗ ಸೊಸೆ ಇಬ್ಬರೂ ಗೆಟ್ಟವಾಡಿಗೆ ತೊಟ್ಟಿಲು ಶಾಸ್ತ್ರಕ್ಕೆ ಹೋದರು. ಮಧ್ಯಾಹ್ನ ಮೇಲಿನ ಗಡಿಗೆಯನ್ನು ಇಳಿಸಿ ಬಟ್ಟೆ ಬಿಚ್ಚಿದೆ.

ಮೊಸರು ಕನ್ನಡಿಯ ಹಾಗೆ ಹೆಪ್ಪುಗಟ್ಟಿತ್ತು!

ಸೌಟು ಹಾಕಿದರೆ ಕಡುಬಿನ ಹಾಗೆ ಕತ್ತರಿಸಿ ಬರುತ್ತಿತ್ತು. ಮೆಣಸಿನಕಾಯಿ ತೊಟ್ಟು ಕಾಣಲಿಲ್ಲ, ಕರಗಿರಬೇಕು ಎಂದುಕೊಂಡೆ. ಮೆಣಸಿನ ತೊಟ್ಟು ಕರಗುತ್ತದೆಯೇ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಪಾತ್ರೆ ಅನ್ನಕ್ಕೆ ಹತ್ತು ಸೌಟು ಮೊಸರು ಕಲಸಿ, ಒಗ್ಗರಣೆ ಕೊಟ್ಟು, ದಾಳಿಂಬೆ ಕಾಳಿನ ಕಣ್ಣು, ಕ್ಯಾರೆಟ್ಟಿನ ಮೂಗು, ಕೊತ್ತಂಬರಿಯ ಮೀಸೆ ಇಟ್ಟು ಮಕ್ಕಳ ಮುಂದೆ ತಂದೆ.

ಸಂಜು ತಟ್ಟೆ ಮುಟ್ಟಲಿಲ್ಲ. ನನ್ನನ್ನೇ ನೋಡಿದಳು. "ಅಜ್ಜಿ, ಇದು ಲಿಲ್ಲಿದಲ್ಲ ತಾನೆ?"

"ವರ್ಡ್ ಆಫ್ ಆನರ್."

ತಿಂದಳು. ಮೀಸೆ ಹೋಯಿತು, ಮೂಗು ಹೋಯಿತು, ಮುಖವೇ ಹೋಯಿತು. ಇನ್ನೊಂದು ಸಲ ಬಡಿಸಿಕೊಂಡಳು. ಮೂರನೆಯ ಸಲ ಬಟ್ಟಲನ್ನೇ ಎಳೆದುಕೊಂಡಳು. ಮೂರು ವಾರದ ಮೇಲೆ ಆ ಮಗು ಹೊಟ್ಟೆ ತುಂಬ ಉಣ್ಣುವುದನ್ನು ಕಂಡು ನನ್ನ ಕಣ್ಣು ಮಂಜಾಯಿತು.

"ಅಜ್ಜಿ, ಇವತ್ತ್ ಮಾತ್ರ ಯಾಕ ಚೆನ್ನಾಗದ?" ಎಂದಳು ಮಿನ್ನಿ.

ಯಜಮಾನರು ಮೊದಲ ತುತ್ತು ಬಾಯಿಗಿಟ್ಟು ತಟಕ್ಕನೆ ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು. ತಟ್ಟೆಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ನಾಲ್ಕು ಸಲ ಬಡಿಸಿಕೊಂಡರು. ದೇವೀರಮ್ಮನನ್ನೂ ಕೂಗಿ ಕರೆದು ಒಂದು ಬಟ್ಟಲು ಕೊಟ್ಟೆ.

"ಅಮ್ಮೋರೆ, ಅಸಿನ ಮೊಸ್ರೇ ಇದ್ದಂಗದಲ್ಲ," ಎಂದಳು ಆಕೆ.

"ಅದೇ ನೋಡು ಟೆಕ್ನಿಕ್ಕು," ಎಂದೆ.

ಸಂಜೆಯೊಳಗೆ ಸುದ್ದಿ ಬೀದಿ ತುಂಬಿತು. ನಾಲ್ಕು ಮನೆಯವರು ಬಟ್ಟಲು ಹಿಡಿದು ಬಂದರು. ನಾನು ಜಗಲಿಯ ಮೇಲೆ ಕುಳಿತು, ಒಂದೊಂದೇ ಸೌಟು ಹಾಕುತ್ತಾ, ವಿಧಾನವನ್ನು ವಿವರಿಸಿದೆ. ಕೊನೆಗೆ ಪ್ರಿಫೆಕ್ಟಿಗೆ ಏನೂ ಉಳಿಯಲಿಲ್ಲ. ಆದರೇನು, ನನ್ನ ಹೊಟ್ಟೆ ಹೆಮ್ಮೆಯಿಂದಲೇ ತುಂಬಿತ್ತು. ಅಷ್ಟು ಮೊಸರಿನಲ್ಲಿ ಒಂದು ಹನಿಯನ್ನೂ ನಾನು ರುಚಿ ನೋಡಲಿಲ್ಲ ಎನ್ನುವುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಸೋಮವಾರ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದರು. ರಾತ್ರಿ ತಡವಾಗಿ ಹಿಂದಿರುಗಿದ್ದ ಸುಮಾ ಸ್ನಾನ ಮಾಡಿ, ಮಡಿಯುಟ್ಟು, ನೆಲುವಿನಲ್ಲಿ ಉಳಿದಿದ್ದ ಗಡಿಗೆಯನ್ನು ಇಳಿಸಿದಳು. ಒಂದು ಬಟ್ಟಲಿಗೆ ಬಗ್ಗಿಸಿ, ಮಾದಪ್ಪನ ಪಟದ ಮುಂದೆ ಎಡೆ ಇಟ್ಟು, ಊದುಕಡ್ಡಿ ಹಚ್ಚಿ, ಕೈಮುಗಿದು, ಕಡೆಯಲು ಕುಳಿತಳು. ಕಡೆದಳು. ಕಡೆದಳು. ಕಡೆಗೋಲಿನ ಹಗ್ಗ ಬಿಸಿಯಾಯಿತು, ಬೆಣ್ಣೆ ಬರಲಿಲ್ಲ. ಎಂದೂ ಅಳದ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು.

"ಅತ್ತೆ, ನನ್ನಿಂದ ಏನೋ ತಪ್ಪಾಗದ. ಕೂಸಿಗ ಬಾರುಕೋಲು ಎತ್ತಿದ್ನಲ್ಲ, ಅದ್ಕೇ ಮಾದಪ್ಪ ಮುನ್ಸ್ಕಂಡವ್ನ."

"ಛೆ ಛೆ, ಸೈಂಟಿಫಿಕ್ ಆಗಿ ನೋಡೋಣ," ಎಂದು ಗಡಿಗೆಗೆ ಬಾಗಿದೆ. ಘಮ್ಮೆಂದಿತು. ಹಸಿ ಕಡಲೆಕಾಯಿ. ಕಡೆಗೋಲಿನ ಹಲ್ಲಿಗೆ ಒಂದು ಮೆಣಸಿನಕಾಯಿ ತೊಟ್ಟು ಸಿಕ್ಕಿಕೊಂಡು ನನ್ನನ್ನೇ ನೋಡುತ್ತಿತ್ತು.

ತೊಟ್ಟನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡೆ.

"ಗಡಿಗೆ ಯಾರು ಮುಟ್ಟಿದ್ದು?" ಎಂದೆ.

ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೆಮ್ಮಿದರು. "ದೇವರ ಗಡಗ ಮ್ಯಾಲ ಇನ್ನೊಂದ ಮಡಗಬೌದಾ? ಭಾನುವಾರ ಬೆಳಗ್ಗ ನಾ ನೋಡ್ದಿ. ನಾನೇ ಮಾದಪ್ಪಂದ ಮ್ಯಾಲಕ್ಕ ಮಡಗಿ ನಿಂದ ಕೆಳಕ್ಕ ಮಡಗ್ದಿ."

"ಹೇಳಬಾರದಿತ್ತಾ?"

"ಏಳೋದೇನದ ಅದ್ರಲ್ಲಿ. ಗೊತ್ತಿರೋ ಇಚಾರ ಅಲ್ವ ಅದು."

ಗೊತ್ತಿರುವ ವಿಷಯವೇ. ಐವತ್ತು ವರ್ಷದಿಂದ ಇದೇ ಮನೆಯಲ್ಲಿದ್ದೇನೆ. "ಸರಿ, ತಿನ್ನುವಾಗಲಾದರೂ ಗೊತ್ತಾಗಲಿಲ್ಲವೆ?"

"ಮೊದಲ್ನೇ ತುತ್ತಿಗೇ ಗೊತ್ತಾಯ್ತು, ಅಸಿನ ಮೊಸ್ರು ಅಂತ. ಮೀಸಲು ಅಂತ ಅಲ್ಲ. ನೀನು ಸೋಲ್ತೀನಿ ಅಂತ ಎದ್ರಿ, ಎಲ್ಲಿಂದ್ಲೋ ತಂದು ಬೆರ್ಸಿದ್ದೀಯ ಅಂತ ನಾ ಅಂದ್ಕಂಡಿ. ಎಂಡ್ತಿ ಮರ್ವಾದಿ ಪ್ರಶ್ನ. ಸುಮ್ನಿದ್ದಿ."

"ನಾಲ್ಕು ಸಲ ಬಡಿಸಿಕೊಂಡಿರಿ!"

"ಸಾಕ್ಸಿ ಉಳೀಬಾರ್ದಲ್ಲ," ಎಂದರು. ಸುಮಾ ಕಣ್ಣೊರೆಸಿಕೊಂಡು ಗಡಿಗೆ ತೊಳೆಯಲು ಹೊರಗೆ ಹೋದಳು.

ಲೆಕ್ಕ ಹಾಕಿ ನೋಡಿದೆ. ಮಾದಪ್ಪನ ಮೀಸಲನ್ನು ನಾನು ಬೀದಿಗೆಲ್ಲ ಹಂಚಿದ್ದೆ. ಮಾದಪ್ಪನ ಎಡೆಗೆ ಕಡಲೆಕಾಯಿ ಮೊಸರು ಹೋಗಿತ್ತು. ಹದಿನೈದು ದಿನ ಹೆಣಗಿ ನಾನು ಮಾಡಿದ್ದನ್ನು ಗೊಣಗದೆ, ಮುಖ ಸಿಂಡರಿಸದೆ ಸ್ವೀಕರಿಸಿದವನು ಅವನೊಬ್ಬನೇ. ನಮ್ಮ ಮನೆಯ ಮೊತ್ತಮೊದಲ ವೀಗನ್, ಸಾಕ್ಷಾತ್ ಮಾದಪ್ಪ.

ನಗು ಬರಲಿಲ್ಲ. ಏಕೆಂದರೆ ಇನ್ನೊಂದು ಉಳಿದಿತ್ತು. ರೋಸಿಯ ಹಾಲು ಬೇಡ ಎಂದು ಅರೆಹೊಟ್ಟೆಯಲ್ಲಿ ಮೂರು ವಾರ ತಡೆದ ಕೂಸಿಗೆ, ವರ್ಡ್ ಆಫ್ ಆನರ್ ಎಂದು ಹೇಳಿ, ನನ್ನ ಕೈಯಾರೆ ಅದನ್ನೇ ತಿನ್ನಿಸಿದ್ದೆ. ಅವಳಿಗೆ ಗೊತ್ತಿಲ್ಲ. ಇವತ್ತು ಹದಿನೈದನೆಯ ದಿನ, ನಾಲ್ಕೂವರೆಗೆ ತೂಕ. ನಿನ್ನೆ ಅಷ್ಟು ತಿಂದವಳು ತೂಕದಲ್ಲಿ ಖಂಡಿತ ಗೆಲ್ಲುತ್ತಾಳೆ.

"ಏಳ್ಬೇಡ ಬುಡು," ಎಂದರು ಯಜಮಾನರು ಮೆಲ್ಲಗೆ. "ಮೊಗ ಗೆಲ್ಲಲಿ."

ನಾಲ್ಕೂವರೆಯವರೆಗೆ ನಾನು ಜಗಲಿಯ ಮೇಲೆ ಕುಳಿತಿದ್ದೆ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ ಎನಿಸುತ್ತಿತ್ತು. ಶಾಲೆಯ ವ್ಯಾನು ಬಂತು. ಸಂಜು ಚೀಲ ಎಸೆದು ನೇರವಾಗಿ ತೂಕದ ಮಿಷನ್ನಿನ ಮೇಲೆ ಹೋಗಿ ನಿಂತಳು. ಇಪ್ಪತ್ತೊಂದು ಕೆ.ಜಿ. ಆರುನೂರು ಗ್ರಾಂ.

"ಅಜ್ಜಿ, ನೀನು ಗೆದ್ಬುಟ್ಟೆ," ಎಂದಳು. ಅವಳು ನನ್ನನ್ನು ನೋಡಿದ ಆ ನೋಟದಲ್ಲಿ ಮೆಸ್ ಪ್ರಿಫೆಕ್ಟ್ ಬ್ಯಾಡ್ಜಿಗಿಂತ ದೊಡ್ಡದೇನೋ ಇತ್ತು. ಅದನ್ನು ಕದ್ದು ಇಟ್ಟುಕೊಳ್ಳಲು ನನಗೆ ಆಗಲಿಲ್ಲ.

"ಇಳಿ ಸಂಜು," ಎಂದೆ. "ಈ ರಿಸಲ್ಟ್ ಕ್ಯಾನ್ಸಲ್."

ಗಡಿಗೆಯ ಕಥೆಯನ್ನೆಲ್ಲ ಹೇಳಿದೆ. ಅವಳು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು. ನಿನ್ನೆ ತಿಂದದ್ದು ಇವತ್ತು ಮುಕ್ಕಳಿಸಿದರೆ ಹೋಗುತ್ತದೆಯೇ? ಆದರೂ ಮುಕ್ಕಳಿಸಿದಳು, ಮತ್ತೆ ಮತ್ತೆ. ಆಮೇಲೆ ಕೊಟ್ಟಿಗೆಗೆ ಹೋಗಿ ರೋಸಿಯ ಪಕ್ಕ ಕುಳಿತಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಮಂಡಿ ನೋವಿನವಳು ಕೊಟ್ಟಿಗೆಯ ನೆಲದ ಮೇಲೆ ಕೂರುವುದೆಂದರೆ ಅದೇ ಒಂದು ಪ್ರಾಯಶ್ಚಿತ್ತ.

"ಅಜ್ಜಿ, ನೀನು ತಿಂದ್ ನೋಡ್ಲಿಲ್ವ?"

"ಇಲ್ಲ ಮಗ."

"ತಿನ್ನದೇ ಎಂಗ ಏಳ್ದೆ, ವರ್ಡ್ ಆಫ್ ಆನರ್ ಅಂತ?"

ನಾನು ರೋಸಿಯ ಮೈಮೇಲಿನ ಹುಲ್ಲುಕಡ್ಡಿ ತೆಗೆದೆ. ಸಂಜು ಅದರ ಕಿವಿ ಕೆರೆದಳು. "ನಿಮ್ಮ ಕಾನ್ವೆಂಟಲ್ಲಿ ತಪ್ಪು ಮಾಡಿದ್ರ ಏನ್ ಮಾಡುಸ್ತಿದ್ರು?"

"ಇಂಪೊಸಿಷನ್. ಒಂದೇ ಸಾಲನ್ನು ಐವತ್ತು ಸಲ ಬರೆಸುತ್ತಿದ್ದರು."

"ಸರಿ," ಎಂದಳು. "ಬರಿ."

ಅಷ್ಟರಲ್ಲಿ ಸುಮಾ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದಳು. ಬಾಯಿ ಮುಕ್ಕಳಿಸಿದ್ದನ್ನೂ ನೋಡಿರಬೇಕು. ಇನ್ನು ಹಾಲಿನ ಲೋಟ ಬರುತ್ತದೆ ಎಂದು ನಾನು ಸಂಜುವಿನ ಮುಂದೆ ಕೈ ಅಡ್ಡ ಇಟ್ಟೆ.

"ಇನ್ನೂ ಅದ್ನೈದು ದಿನ ಕೊಡ್ತೀನಿ," ಎಂದಳು ಸುಮಾ. "ಆದ್ರ ಅಡ್ಗ ನಂದು. ಅತ್ತೆ, ನೀವು ಒಲೆ ತಾವಕ ಬರಂಗಿಲ್ಲ."

ಮರುದಿನದಿಂದ ಸುಮಾ ಅಡುಗೆ ಮಾಡಿದಳು. ಚಾರ್ಟು ಇಲ್ಲ, ಮೊಬೈಲು ಇಲ್ಲ. ಅವರೆಕಾಳಿನ ಉಪ್ಪುಸಾರು, ದುಂಡನೆಯ ಮುದ್ದೆ, ಹುಚ್ಚೆಳ್ಳು ಚಟ್ನಿ, ಅಕ್ಕಿ ರೊಟ್ಟಿ, ಸಂಜೆಗೆ ಎಳ್ಳು ಬೆಲ್ಲದ ಉಂಡೆ. ಕಡಲೆಕಾಯಿಯನ್ನು ಅವಳು ಹಾಲೂ ಮಾಡಲಿಲ್ಲ, ಮೊಸರೂ ಮಾಡಲಿಲ್ಲ. ಹುರಿದು, ಕುಟ್ಟಿ, ಬೆಳ್ಳುಳ್ಳಿ ಹಾಕಿ ಪುಡಿ ಮಾಡಿದಳು. ಸಂಜು ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ಬೆರಳು ನೆಕ್ಕಿದಳು. ಮಿನ್ನಿ, ಯಾರೂ ಹೇಳದಿದ್ದರೂ, ಅಕ್ಕನ ತಟ್ಟೆಯಲ್ಲಿ ಇದ್ದದ್ದೇ ತನಗೂ ಬೇಕು ಎಂದಳು. ಎರಡನೆಯ ಹದಿನೈದನೆಯ ದಿನ ಮಿಷನ್ನು ಇಪ್ಪತ್ತೊಂದು ಕೆ.ಜಿ. ಒಂಬೈನೂರು ಗ್ರಾಂ ತೋರಿಸಿತು. ಸುಮಾ ಇದ್ದಿಲಿನಿಂದ ಗೋಡೆಯ ಮೇಲೆ ಬರೆದು, ಹಳೆಯದನ್ನು ಅಳಿಸಿ, ಒಳಗೆ ಹೋದಳು. ಆಮೇಲಿಂದ ಹಾಲಿನ ಮಾತೇ ಎತ್ತಿಲ್ಲ. ನಾನು ಅಡುಗೆಮನೆಯಿಂದ ಹೊರಬಿದ್ದ ದಿನದಿಂದ ನಮ್ಮ ಮಕ್ಕಳ ವೀಗನ್ ಊಟ ಸರಾಗವಾಯಿತು ಎನ್ನುವುದು ಇತಿಹಾಸ.

ಮಾದಪ್ಪನಿಗೆ ಮತ್ತೊಂದು ದಿನದ ಹಾಲು ಮೀಸಲಿಟ್ಟು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿದ್ದಾಯಿತು. ಯಜಮಾನರೇ ಬೆಟ್ಟಕ್ಕೆ ಒಯ್ದರು. ಹೊರಡುವ ಮುಂಚೆ ಪಟದ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು: "ಮಾದಪ್ಪ, ಕ್ಸಮಿಸ್ಬುಡು ನನ್ನಪ್ಪ. ತಪ್ಪು ನಮ್ಮ ಮನೇದಲ್ಲ, ಊಟಿ ಕಾನ್ವೆಂಟಿಂದು." ಅವರು ಈಗಲೂ ಹನ್ನೊಂದಕ್ಕೆ ಪಶ್ಚಿಮದ ಹೊಲ ನೋಡಲು ಹೋಗುತ್ತಾರೆ.

ಸಂಜು ಮಾತ್ರ ಇವತ್ತಿಗೂ ಹಾಲು ಮುಟ್ಟಿಲ್ಲ. ಇಷ್ಟು ಗಟ್ಟಿ ಹುಡುಗಿಯನ್ನು ನಮ್ಮ ಡೈನಿಂಗ್ ಹಾಲಿನಲ್ಲೂ ನಾನು ಕಂಡಿರಲಿಲ್ಲ. ನಾನು ಹುಬ್ಬು ಏರಿಸಿದರೆ ಅವಳೂ ಒಂದು ಹುಬ್ಬು ಏರಿಸುತ್ತಾಳೆ. ಅವಳದೇ ಎತ್ತರಕ್ಕೆ ಹೋಗುತ್ತದೆ.

ಇಂಪೊಸಿಷನ್ ಬರೆದೆ. ಮೆನು ಚಾರ್ಟಿನ ಹಿಂಬದಿಯಲ್ಲಿ, ಐವತ್ತು ಸಲ: ‘ರುಚಿ ನೋಡದೆ ಮಾತು ಕೊಡುವುದಿಲ್ಲ.’ ಕಾನ್ವೆಂಟಿನಲ್ಲಿ ಇದ್ದಷ್ಟು ವರ್ಷವೂ ನನಗೆ ಒಂದೂ ಇಂಪೊಸಿಷನ್ ಬಿದ್ದಿರಲಿಲ್ಲ, ನಾನು ಹಾಕಿಸುವವಳಾಗಿದ್ದೆ. ಸಂಜು ಕೆಂಪು ಪೆನ್ನು ಹಿಡಿದು ಒಂದೊಂದಾಗಿ ಎಣಿಸಿ, ಕೆಳಗೆ ‘ಗುಡ್’ ಎಂದು ಬರೆದು ಸಹಿ ಹಾಕಿದಳು. ಸುಮಾ ಅದನ್ನು ಚಾರ್ಟು ಇದ್ದ ಜಾಗಕ್ಕೇ ತಿರುಗಿಸಿ ಅಂಟಿಸಿದ್ದಾಳೆ. ಮನೆಗೆ ಬಂದವರೆಲ್ಲ ನಿಂತು ಓದುತ್ತಾರೆ. ಕನ್ನಡಕ ಮರೆತು ಬಂದವರೂ ಒಂದಕ್ಷರಕ್ಕೂ ತಡವರಿಸುವುದಿಲ್ಲ. ಎಷ್ಟಾದರೂ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್.